ನಮ್ಮ ಗಂಡುಮಕ್ಕಳ ಹೆಸರುಗಳು

ಠಾಣೆಯ ಯಾವ ಶಾಲೆಗಾದರೂ ಹೋಗಿ ಪ್ರವೇಶದ ಅರ್ಜಿಯನ್ನು ಕೇಳಿ ನೋಡಿರಿ. ಹೆಸರಿಗೆಂದು ಅದರಲ್ಲಿ ಮೂರು ಮನೆಗಳನ್ನು ಬಿಟ್ಟಿರುತ್ತಾರೆ: ಮೊದಲನೆಯದರಲ್ಲಿ ಮಗುವಿನ ಹೆಸರು, ಎರಡನೆಯದರಲ್ಲಿ ತಂದೆಯ ಹೆಸರು, ಮೂರನೆಯದರಲ್ಲಿ ಅಡ್ಡಹೆಸರು. ಮರಾಠಿ ಬಾಂಧವರು ಅರೆನಿಮಿಷದಲ್ಲಿ ಇದನ್ನು ತುಂಬಿ ಕೊಟ್ಟುಬಿಡುತ್ತಾರೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯಿಂದ ಬಂದ ನಮ್ಮವರಿಗೂ ತೊಂದರೆಯಿಲ್ಲ. ಆದರೆ ಹಳೆಯ ಮೈಸೂರಿನಿಂದ ಬಂದು ನೌಪಾಡಾದಲ್ಲಿ ಮನೆ ಮಾಡಿದ ತಂದೆ ಲೇಖನಿ ಹಿಡಿದುಕೊಂಡು ಯೋಚನೆಗೆ ಬೀಳುತ್ತಾನೆ. ಅವನ ಹೆಸರಿನ ಮುಂದೆ ಎರಡು ಅಕ್ಷರಗಳಿವೆ. ಒಂದು ಊರಿನದು, ಇನ್ನೊಂದು ತಂದೆಯದು. ಅಡ್ಡಹೆಸರೆಂಬುದೇ ಅವನ ವಂಶದಲ್ಲಿಲ್ಲ. ಕೊನೆಗೆ ತನ್ನ ಸ್ವಂತ ಹೆಸರನ್ನೇ ಮೂರನೆಯ ಮನೆಗೆ ಹಾಕಿ ಬರುತ್ತಾನೆ. ಅಂದಿನಿಂದ ಅವನ ಹೆಂಡತಿ ಶ್ರೀಮತಿ ನಂಜುಂಡಯ್ಯ, ಮಗ ಮಾಸ್ಟರ್ ನಂಜುಂಡಯ್ಯ! ವಿಷವನ್ನುಂಡ ಶಿವನ ಹೆಸರು ಹೀಗೆ ಒಂದು ಕುಟುಂಬದ ಅಡ್ಡಹೆಸರಾಗಿ ನಿಂತುಬಿಡುತ್ತದೆ.

ಈ ಭೇದ ನಮ್ಮ ಸಾಹಿತಿಗಳ ಹೆಸರುಗಳಲ್ಲಿಯೇ ಎದ್ದು ಕಾಣುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ, ರಂಗನಾಥ ಶ್ರೀನಿವಾಸ ಮುಗಳಿ: ಇವು ಮುಂಬಯಿ ಇಲಾಖೆಯ ರೀತಿಯ ಹೆಸರುಗಳು. ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಮನೆತನ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ: ಇವು ಮೈಸೂರಿನ ರೀತಿಯವು. ಮೊದಲು ಊರು, ಆಮೇಲೆ ತಂದೆ, ಎಲ್ಲರಿಗಿಂತ ಹಿಂದೆ ತಾನು. ಕೊಡಗಿನವರದು ಇನ್ನೂ ಬೇರೆ. ಜನರಲ್ ಕಾರ್ಯಪ್ಪನವರ ಹೆಸರಿನ ಮೊದಲಲ್ಲಿದ್ದ ‘ಕೊಡಂದೇರ’ ಎಂಬುದು ಊರಲ್ಲ, ಮನೆತನ. ೧೯೫೬ರಲ್ಲಿ ರಾಜ್ಯವೇನೋ ಒಂದಾಯಿತು; ಹೆಸರು ಬರೆಯುವ ಕ್ರಮ ಮಾತ್ರ ಇಂದಿಗೂ ಒಂದಾಗಿಲ್ಲ. ಆಗಬೇಕೆಂಬ ಹಟವೂ ನಮಗೆ ಬೇಡ. ಆದರೆ ಮಹಾರಾಷ್ಟ್ರದಲ್ಲಿ ನೆಲೆಸಿದವರು ಮೂರನೆಯ ಮನೆಯಲ್ಲಿ ಏನು ಬರೆಯಬೇಕೆಂಬುದನ್ನು ಮಗು ಹುಟ್ಟಿದಾಗಲೇ ನಿಶ್ಚಯಿಸಿ, ಜನ್ಮಪತ್ರದಿಂದ ಪಾಸ್‌ಪೋರ್ಟಿನವರೆಗೆ ಅದನ್ನೇ ಕಾಪಾಡಿಕೊಂಡು ಹೋಗುವುದು ಒಳ್ಳೆಯದು.

ಇರಲಿ, ಅರ್ಜಿಯ ಮಾತು ಅಷ್ಟಕ್ಕೆ ಸಾಕು. ಹೆಸರಿನ ಒಳಗೆ ಏನಿದೆ ಎಂಬುದು ನಮ್ಮ ಇಂದಿನ ವಿಷಯ.

ಮೊದಲು ಆ ಕೊನೆಯ ‘ಅಪ್ಪ’ನನ್ನೇ ನೋಡೋಣ. ಬಸಪ್ಪ, ಮಲ್ಲಪ್ಪ, ಈರಪ್ಪ, ಸಂಗಪ್ಪ, ನಿಂಗಪ್ಪ. ತೊಟ್ಟಿಲಲ್ಲಿ ಕೈಕಾಲು ಆಡಿಸುವ ಕೂಸಿಗೆ ‘ಅಪ್ಪ’ ಎನ್ನುವ ಜನ ಲೋಕದಲ್ಲಿ ಹೆಚ್ಚಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ರೂಢಿ. ಅಜ್ಜನೇ ಮರಳಿ ಬಂದನೆಂಬ ಭಾವನೆಯಿಂದ ಮಗುವಿಗೂ ಆ ಗೌರವ ಸಲ್ಲುತ್ತದೆ. ಇದರಿಂದ ಮನೆಯ ಸೊಸೆಗೆ ಒಂದು ಪೇಚು ಒದಗುತ್ತಿತ್ತು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಮಗನ ಹೆಸರೂ ಅದೇ! ಆದುದರಿಂದ ಅವಳು ಮಗುವನ್ನು ಪುಟ್ಟ, ಅಪ್ಪು, ತಮ್ಮಾ, ರಾಜಾ ಎಂದು ಕರೆದಳು. ನಮ್ಮ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರೂ ‘ಪುಟ್ಟು’ಗಳಾಗಿ ಉಳಿದಿರುವುದರ ಗುಟ್ಟು ಇದೇ. ‘ಅಪ್ಪಾ’, ‘ಅಣ್ಣಾ’, ‘ಅಕ್ಕಾ’ ಎಂಬ ಮಾತುಗಳು ಮರಾಠಿಗೆ ಕನ್ನಡದಿಂದ ಹೋದವೆಂದು ಪಂಡಿತರ ಅಭಿಪ್ರಾಯ. ಹಾಗಿರುವಾಗ ನೆರೆಮನೆಯ ಆಪ್ಪಾಸಾಹೇಬರೂ ಅಣ್ಣಾಸಾಹೇಬರೂ ಅರ್ಧಪಾಲು ನಮ್ಮವರೇ ಆದಂತಾಯಿತು.

‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ ಕನ್ನಡದ ನಾಲಗೆಯಲ್ಲಿ ಮೆತ್ತಗಾದ ರೂಪ. ‘ನಿಂಗಪ್ಪ’ ಲಿಂಗಪ್ಪನೇ, ಹಳ್ಳಿಯ ಬಾಯಿಯಲ್ಲಿ ಲಕಾರ ನಕಾರವಾಗಿದೆ. ‘ಈರಣ್ಣ’ನೆಂದರೆ ವೀರಣ್ಣ, ವೀರಭದ್ರದೇವರ ಒಕ್ಕಲು. ಸಂಗಪ್ಪನ ಹಿಂದೆ ಕೂಡಲಸಂಗಮವಿದೆ, ಮಲ್ಲಪ್ಪನ ಹಿಂದೆ ಶ್ರೀಶೈಲದ ಮಲ್ಲಿಕಾರ್ಜುನನಿದ್ದಾನೆ, ಯಲ್ಲಪ್ಪನ ಹಿಂದೆ ಸವದತ್ತಿಯ ಗುಡ್ಡದ ಎಲ್ಲಮ್ಮ, ತಿಮ್ಮಪ್ಪನ ಹಿಂದೆ ತಿರುಪತಿಯ ಬೆಟ್ಟ, ಮಂಜಯ್ಯನ ಹಿಂದೆ ಧರ್ಮಸ್ಥಳದ ಮಂಜುನಾಥ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಸಿದ್ಧರಾಮ, ಸಿದ್ಧೇಶ್ವರ, ಸಿದ್ಧಪ್ಪರು ಹೆಜ್ಜೆಗೊಬ್ಬರು ಸಿಗುತ್ತಾರೆ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಅಲ್ಲಿ ಕೆರೆ ಕಟ್ಟಿಸಿದ ಪುಣ್ಯಪುರುಷ. ರಾಜ್ಯದ ಗಡಿ ಯಾವ ಕಡೆ ಹಾದುಹೋದರೇನು, ಹೆಸರು ಹಳೆಯ ನೆಲವನ್ನೇ ಹಿಡಿದುಕೊಂಡಿದೆ. ಗದಗ, ಶಿರಹಟ್ಟಿಗಳ ಕಡೆ ಹೋದರೆ ಫಕೀರಪ್ಪ ಎಂಬ ಹೆಸರು ಕೇಳಿಬರುತ್ತದೆ. ಶಿರಹಟ್ಟಿಯ ಫಕೀರೇಶ್ವರನ ಮಠಕ್ಕೆ ನಡೆದುಕೊಳ್ಳುವ ಹಿಂದೂ ಮನೆತನಗಳು ಇಟ್ಟುಕೊಂಡ ಹೆಸರಿದು. ರಾಯಚೂರು ಸೀಮೆಯಲ್ಲಿ ಹುಸೇನಪ್ಪನೂ ಇದ್ದಾನೆ. ‘ಹುಸೇನ’ನಿಗೆ ‘ಅಪ್ಪ’ ಸೇರಿಸಿ ಒಂದೇ ಹೆಸರಾಗಿ ಹೊಸೆದ ಆ ಹಳ್ಳಿಗರಿಗೆ ಯಾರೂ ಭಾಷಣ ಮಾಡಿ ಕಲಿಸಿರಲಿಲ್ಲ.

ಕರಾವಳಿಯ ತುಳುವರಲ್ಲಿ ಇನ್ನೊಂದು ಸೊಗಸು. ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ಐತ, ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ ಅಥವಾ ಚನಿಯ. ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಓದದ ಕನ್ನಡಿಗರು ವಿರಳ. ಅದರ ಚೋಮ ಸೋಮವಾರದವನು. ಅವನ ಮಕ್ಕಳಲ್ಲಿ ಚನಿಯ ಶನಿವಾರದವನು, ಗುರುವ ಗುರುವಾರದವನು. ಭೂಮಿಯ ಒಡೆತನವಿಲ್ಲದ, ಪಂಚಾಂಗದ ಶಾಸ್ತ್ರಿಗಳು ಬಾಗಿಲಿಗೆ ಬಾರದ ಆ ಜನರಿಗೆ ಏಳು ವಾರಗಳೇ ನಾಮಕೋಶವಾಗಿದ್ದವು. ಐತಪ್ಪ, ತನಿಯಪ್ಪ ಎಂಬ ಹೆಸರಿನ ಹಿರಿಯರು ಮುಂಬಯಿ, ಠಾಣೆ, ಕಲ್ಯಾಣಗಳಿಗೂ ದುಡಿಮೆಗೆಂದು ಬಂದವರೇ. ಅವರ ಮೊಮ್ಮಕ್ಕಳಿಗೆ ಆ ಹೆಸರಿನಲ್ಲಿ ಒಂದು ವಾರ ಅಡಗಿದೆಯೆಂದು ಹೇಳಿಕೊಟ್ಟವರು ಎಷ್ಟು ಮಂದಿ?

ಈಗ ಸ್ವಲ್ಪ ನೋವಿನ ಹೆಸರುಗಳ ಕಡೆ ಬರೋಣ. ತಿಪ್ಪಣ್ಣ, ಕಲ್ಲಪ್ಪ, ಗುಂಡಪ್ಪ, ತಿರುಕಪ್ಪ, ಹುಚ್ಚಪ್ಪ, ಅಡವೆಪ್ಪ. ಇಂಗ್ಲಿಷು ಶಾಲೆಯಲ್ಲಿ ಓದುವ ಹುಡುಗನಿಗೆ ಅಜ್ಜನ ಹೆಸರು ತಿಪ್ಪಣ್ಣನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮುಂಬಯಿಗೆ ಬಂದ ಮೇಲೆ ತಿರುಕಪ್ಪ ಟಿ.ಕೆ. ಆದದ್ದೂ, ಹುಚ್ಚಪ್ಪ ಹರೀಶನಾದದ್ದೂ ಉಂಟು. ನಗುವವರು ಒಂದು ಮಾತನ್ನು ತಿಳಿಯಬೇಕು. ಹಿಂದಿನ ಕಾಲದಲ್ಲಿ ಹತ್ತು ಹೆತ್ತರೆ ನಾಲ್ಕು ಉಳಿದರೆ ಹೆಚ್ಚು. ಒಂದರ ಹಿಂದೆ ಒಂದು ಕೂಸನ್ನು ಮಣ್ಣಿಗೆ ಕೊಟ್ಟ ತಾಯಿ, ಮುಂದಿನದನ್ನಾದರೂ ಉಳಿಸಿಕೊಳ್ಳಲು ಒಂದು ಉಪಾಯ ಮಾಡುತ್ತಿದ್ದಳು. ಹುಟ್ಟಿದ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ‘ತಿಪ್ಪ’ ಎಂದು ಕರೆದರೆ, ಇದು ಬೇಡದ ವಸ್ತುವೆಂದು ತಿಳಿದು ಮೃತ್ಯು ಅದರ ಕಡೆ ತಿರುಗಿ ನೋಡದೆಂಬ ನಂಬಿಕೆ. ಕಲ್ಲು, ಗುಂಡುಗಳಿಗೆ ಸಾವಿಲ್ಲವಲ್ಲ. ಆದುದರಿಂದ ಕಲ್ಲಪ್ಪ, ಗುಂಡಪ್ಪ. ಭಿಕ್ಷೆ ಬೇಡಿ ಪಡೆದ ಕೂಸು ತನ್ನದಲ್ಲ, ದೇವರು ಅದನ್ನು ತನ್ನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದುದರಿಂದ ತಿರುಕಪ್ಪ. ಕಲ್ಲಪ್ಪರೆಲ್ಲರೂ ಹೀಗೆಯೇ ಬಂದವರೆಂದಲ್ಲ. ಕಲ್ಮೇಶ್ವರನ ಒಕ್ಕಲಿನವರೂ ಇದ್ದಾರೆ. ತಿಪ್ಪೇಸ್ವಾಮಿ, ತಿಪ್ಪೇರುದ್ರರಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಗದ್ದುಗೆಯೇ ಆಧಾರ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂಬ ಹೆಸರನ್ನು ತಾವಾಗಿಯೇ ಆರಿಸಿಕೊಂಡು ಅದರ ಮೇಲೆ ಬರೆದರು, ಅದಕ್ಕೆ ಮಾನವನ್ನೂ ತಂದರು.

ಮರಾಠಿಯಲ್ಲಿಯೂ ಇದೇ ಕಥೆ. ದಗಡೂ ಎಂದರೆ ಕಲ್ಲು. ಧೋಂಡೂ, ಧೋಂಡೋ ಎಂದರೂ ಕಲ್ಲೇ. ಸ್ತ್ರೀಶಿಕ್ಷಣಕ್ಕೆ ಜೀವ ತೇದ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ ಕರ್ವೆ. ನಮ್ಮ ಮಾತಿನಲ್ಲಿ ಕಲ್ಲಪ್ಪ ಕೇಶವ ಕರ್ವೆ ಎಂದಂತೆ. ಭಿಕಾಜಿ ನಮ್ಮ ತಿರುಕಪ್ಪ. ಉಕಿರಡಾ ಎಂಬ ಹಳೆಯ ಹೆಸರು ಅಕ್ಷರಶಃ ನಮ್ಮ ತಿಪ್ಪಣ್ಣ. ಘಾಟಿನ ಮೇಲಿನ ತಾಯಿಗೂ ಬಯಲುಸೀಮೆಯ ತಾಯಿಗೂ ಅಂಜಿಕೆ ಒಂದೇ ಆಗಿತ್ತು.

ಈಚೆಗೆ ಬೆಲಾರೂಸ್ ದೇಶದ ಗಂಡಸರ ಹೆಸರುಗಳನ್ನೂ ಅವುಗಳ ಅರ್ಥಗಳನ್ನೂ ಓದುವ ಸಂದರ್ಭ ಒದಗಿತು. ಪೋಲೆಂಡಿಗೂ ರಷ್ಯಕ್ಕೂ ನಡುವೆ ಇರುವ ಆ ನಾಡಿಗೆ ನಮ್ಮ ದೇಶದ ಹುಡುಗರು ವೈದ್ಯವಿದ್ಯೆ ಕಲಿಯಲು ಹೋಗುವುದುಂಟು. ಹಾಗಾಗಿ ಅದು ತೀರ ಅಪರಿಚಿತವೇನಲ್ಲ. ಓದುತ್ತ ಹೋದಂತೆ ನಮ್ಮೂರಿನ ಹಾಜರಿಪಟ್ಟಿಯನ್ನೇ ನೋಡಿದಂತಾಯಿತು! ಪ್ಯಾತ್ರೊ ಎಂದರೆ ಗ್ರೀಕಿನಿಂದ ಬಂದ ‘ಕಲ್ಲು’. ಇಗೋ ಕಲ್ಲಪ್ಪ ಬಂದ. ಪಾವೆಲ್ ಎಂದರೆ ಲ್ಯಾಟಿನಿನ ‘ಚಿಕ್ಕವನು’; ನಮ್ಮ ಪುಟ್ಟಪ್ಪ. ಮಕ್ಸೀಮ್ ಎಂದರೆ ‘ಎಲ್ಲರಿಗಿಂತ ದೊಡ್ಡವನು’, ದೊಡ್ಡಯ್ಯನೆನ್ನದೆ ಏನೆನ್ನೋಣ? ಆಂದ್ರೇಯ್ ಎಂದರೆ ಗಂಡುಗಲಿ, ಈರಪ್ಪನ ಅಣ್ಣತಮ್ಮ. ವಿಕ್ತರ್ ನಮ್ಮ ಜಯಣ್ಣ. ಇವೆಲ್ಲ ಕ್ರೈಸ್ತಧರ್ಮದೊಡನೆ ಹೊರಗಿನಿಂದ ಬಂದ ಹೆಸರುಗಳು. ಅಲ್ಲಿಯದೇ ಆದ ಹಳೆಯ ಸ್ಲಾವ್ ಹೆಸರುಗಳು ಇನ್ನೂ ಕುತೂಹಲಕರ. ‘ಬಹ್ದಾನ್’ ಎಂಬ ಹೆಸರಿಗೆ ದೇವರು ಕೊಟ್ಟವನೆಂದು ಅರ್ಥ. ಅದರ ಮೊದಲ ಭಾಗ ಸಂಸ್ಕೃತದ ‘ಭಗ’ಕ್ಕೆ, ಎರಡನೆಯದು ‘ದಾನ’, ‘ದತ್ತ’ಗಳಿಗೆ ನೆಂಟ. ನಮ್ಮ ದೇವದತ್ತ, ದೇವಪ್ಪ, ದತ್ತಾತ್ರೇಯರ ಕಡೆಯವನೇ ಅವನು. ಹೆಸರಿನ ಕೊನೆಯಲ್ಲಿ ಬರುವ ‘ಸ್ಲಾವ್’ ಎಂದರೆ ಕೀರ್ತಿ. ವೇದದ ‘ಶ್ರವಸ್’ ಎಂಬ ಶಬ್ದದ ದಾಯಾದಿ.

ಅವರ ಪಾಡೂ ನಮ್ಮಂಥದೇ. ಮನೆಯಲ್ಲಿ ಮಿಕೋಲ ಎನಿಸಿಕೊಂಡವನು ರಷ್ಯನ್ ಭಾಷೆಯ ಕಾಗದಗಳಲ್ಲಿ ನಿಕೊಲಾಯ್ ಆಗುತ್ತಾನೆ. ಉಲಾಜಿಮೀರ್ ವ್ಲಾದಿಮೀರ್ ಆಗುತ್ತಾನೆ. ಮಗನ ಹೆಸರಾದ ಮೇಲೆ ತಂದೆಯ ಹೆಸರಿಗೆ ‘ಅವಿಚ್’, ‘ಓವಿಚ್’ ಎಂಬ ಬಾಲ ಸೇರಿಸಿ, ಕೊನೆಗೆ ಅಡ್ಡಹೆಸರು ಬರೆಯುವುದು ಅಲ್ಲಿಯ ಪದ್ಧತಿ. ಠಾಣೆಯ ಶಾಲೆಯ ಮೂರು ಮನೆಗಳನ್ನು ಮಿನ್ಸ್ಕ್ ನಗರದವನು ನಮ್ಮ ತುಮಕೂರಿನವರಿಗಿಂತ ಬೇಗ ತುಂಬಿಯಾನು. ಅವರ ಇಬ್ಬರು ಮಹಾಕವಿಗಳು, ೧೮೮೨ರಲ್ಲಿ ಹುಟ್ಟಿದ ಸಮವಯಸ್ಕರು, ಹುಟ್ಟುಹೆಸರನ್ನು ಬಿಟ್ಟು ಕಾವ್ಯನಾಮದಿಂದಲೇ ಪ್ರಸಿದ್ಧರಾದರು. ಒಬ್ಬ ಯಾಂಕಾ ಕುಪಾಲ. ಕುಪಾಲವೆಂದರೆ ನಡುಬೇಸಗೆಯ ಹಬ್ಬ. ಇನ್ನೊಬ್ಬ ಯಾಕೂಬ್ ಕೋಲಸ್. ಕೋಲಸ್ ಎಂದರೆ ತೆನೆ. ಕಾವ್ಯನಾಮದ ಮೋಹದಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಲ್ಲವೆಂಬುದು ವಾಚಕರಿಗೆ ತಿಳಿದದ್ದೇ.

ದೂರದ ಮಿನ್ಸ್ಕ್ ಹೋಗಲಿ, ನಾವು ನಿತ್ಯ ತಿರುಗಾಡುವ ಈ ಠಾಣೆಯ ನೆಲವನ್ನೇ ಅಗೆದು ನೋಡಿದರೆ ಕನ್ನಡದ ಗಂಡುಹೆಸರುಗಳು ಮೇಲೇಳುತ್ತವೆ. ಸಾವಿರ ವರ್ಷಗಳ ಹಿಂದೆ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಶಾಸನಗಳಲ್ಲಿ ‘ಸ್ಥಾನಕ’ವೆಂದು ಕರೆದಿರುವುದು ನಮ್ಮ ಠಾಣೆಯನ್ನೇ. ಇವರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಬೊರೀವಲಿಯ ಸಮೀಪದ ಕಾನ್ಹೇರಿ ಗವಿಗಳಲ್ಲಿ ಒಂಬತ್ತನೆಯ ಶತಮಾನದ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಶಿಲಾಹಾರರ ವಂಶಾವಳಿಯನ್ನು ಒಮ್ಮೆ ಗಟ್ಟಿಯಾಗಿ ಓದಿರಿ: ಕಪರ್ದಿ, ಪುಲ್ಲಶಕ್ತಿ, ವಪ್ಪುವನ್ನ, ಝಂಝ, ಗೊಗ್ಗಿ, ವಜ್ಜಡ, ಅಪರಾಜಿತ, ಚಿತ್ತರಾಜ, ಮುಮ್ಮುಣಿ. ಇವುಗಳಲ್ಲಿ ಕೆಲವು ಸಂಸ್ಕೃತದ ಪೋಷಾಕು ತೊಟ್ಟಿವೆ, ಕೆಲವು ತೊಟ್ಟಿಲ್ಲ. ವಪ್ಪುವನ್ನನ ಬಾಲದಲ್ಲಿರುವುದು ನಮ್ಮ ‘ಅಣ್ಣ’ನೇ ಎಂದು ನನ್ನ ಮನಸ್ಸು ಹೇಳುತ್ತದೆ. ಬಿರುದುಗಳ ವಿಷಯದಲ್ಲಂತೂ ಊಹೆಗೆ ಅವಕಾಶವೇ ಇಲ್ಲ. ಈ ಮನೆತನದ ತಾಮ್ರಶಾಸನಗಳಲ್ಲಿ, ಸಂಸ್ಕೃತದ ನಡುವೆ, ‘ಗಂಡರಗಂಡ’, ‘ನನ್ನಿಸಮುದ್ರ’ ಎಂಬ ಅಪ್ಪಟ ಕನ್ನಡ ಮಾತುಗಳು ಕುಳಿತಿವೆ. ನನ್ನಿ ಎಂದರೆ ಹಳಗನ್ನಡದಲ್ಲಿ ಸತ್ಯ; ನನ್ನಿಸಮುದ್ರನೆಂದರೆ ಸತ್ಯದ ಕಡಲು. ಅಂಬರನಾಥದ ಶಿವಾಲಯದಲ್ಲಿ ಮುಮ್ಮುಣಿಯ ಕಾಲದ, ೧೦೬೦ರ ಶಾಸನವಿದೆ. ಡೊಂಬಿವಲಿ, ಕಲ್ಯಾಣಗಳ ನಮ್ಮವರು ರವಿವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಗುಡಿಯ ಶಿಲ್ಪವನ್ನು ತೋರಿಸುವಾಗ ಆ ಕಾಲದ ದೊರೆಯ ಹೆಸರನ್ನೂ ಒಮ್ಮೆ ಹೇಳಿದರೆ ಚೆನ್ನ.

ಆ ಕಾಲದವರು ಹೆಸರನ್ನು ಕನ್ನಡದ ನಾಲಗೆಗೆ ಒಗ್ಗಿಸಿಕೊಳ್ಳಲು ಸಂಕೋಚಪಡುತ್ತಿರಲಿಲ್ಲ. ರಾಷ್ಟ್ರಕೂಟರ ಕೃಷ್ಣ ‘ಕನ್ನರ’ನಾದ. ‘ರತ್ನ’ವೆಂಬುದು ‘ರನ್ನ’ವಾಗಿ ಮುಧೋಳದ ಬಳೆಗಾರರ ಮನೆಯ ಹುಡುಗನ ಹೆಸರಾಯಿತು; ಆ ಹುಡುಗ ಕವಿಚಕ್ರವರ್ತಿಯಾದ. ಪೊನ್ನನ ಹೆಸರಿನಲ್ಲಿರುವುದು ‘ಪೊನ್’, ಎಂದರೆ ಹೊನ್ನು. ಇಂದು ನಡೆಯುತ್ತಿರುವುದು ಇದಕ್ಕೆ ವಿರುದ್ಧ. ಕನ್ನಡದ ಹೆಸರು ಸ್ವರದಲ್ಲಿ ಕೊನೆಯಾಗಬೇಕು; ಮಲ್ಲಿಕಾರ್ಜುನ, ಬಸವರಾಜ, ಗುರುರಾಜ ಎನ್ನುವಾಗ ಆ ಕೊನೆಯ ‘ಅ’ಕಾರದ ಮೇಲೆ ಹೆಸರು ಒಂದು ಕ್ಷಣ ಕುಳಿತು ವಿಶ್ರಮಿಸುತ್ತದೆ. ಲೋಕಲ್ ಗಾಡಿಯ ಗಡಿಬಿಡಿಯಲ್ಲಿ ಅದು ಉದುರಿಹೋಗಿ ಮಲ್ಲಿಕಾರ್ಜುನ್, ಬಸವರಾಜ್, ಗುರುರಾಜ್ ಉಳಿದಿದ್ದಾರೆ. ಹೊರಗಿನವರು ಹಾಗೆ ಕರೆದರೆ ಅದು ಅವರ ಭಾಷೆಯ ಸ್ವಭಾವ, ದೂರುವಂತಿಲ್ಲ. ಅಡಿಗೆಮನೆಯಿಂದ ತಾಯಿಯೇ ಹಾಗೆ ಕೂಗಿದರೆ ಮಾತ್ರ ಕಿವಿಗೆ ಕಸಿವಿಸಿಯಾಗುತ್ತದೆ.

ಮಹಾರಾಷ್ಟ್ರ ತಲೆಯ ಮೇಲೆ ಹೊತ್ತು ಮೆರೆಸಿದ ಗಾಯಕರ ಹೆಸರುಗಳಲ್ಲಿ ಎಷ್ಟು ಕನ್ನಡವಿದೆ ನೋಡಿರಿ. ಭೀಮಸೇನ ಗುರುರಾಜ ಜೋಶಿ ಎಂಬಲ್ಲಿ ಭೀಮಸೇನನೆಂಬ ಹೆಸರೂ, ಮಂತ್ರಾಲಯದ ಗುರುರಾಜರನ್ನು ನೆನೆಯಿಸುವ ತಂದೆಯ ಹೆಸರೂ, ಎರಡೂ ಮಾಧ್ವ ಮನೆಗಳಿಗೆ ಪ್ರಿಯವಾದವು. ಮಲ್ಲಿಕಾರ್ಜುನ ಮನ್ಸೂರರಲ್ಲಿ ಮನ್ಸೂರು ಧಾರವಾಡದ ಹತ್ತಿರದ ಹಳ್ಳಿ. ಬಾಲ್ಯದಲ್ಲೇ ಬಿರುದಾಗಿ ಬಂದ ‘ಕುಮಾರ ಗಂಧರ್ವ’ ಎಂಬ ಹೆಸರಿನ ಅಡಿಯಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ತುಂಬುಹೆಸರು ಮರೆಯಾಗಿ ನಿಂತಿದೆ. ಗಡಕರಿ ರಂಗಾಯತನದ ಸಂಗೀತಸಭೆಯಲ್ಲಿ ಪಕ್ಕದ ಮರಾಠಿ ರಸಿಕರಿಗೆ ಇದನ್ನು ಹೇಳಿ ನೋಡಿರಿ. ಅವರು ಸಂತೋಷದಿಂದ ಬೆರಗಾಗುತ್ತಾರೆ. ಪಂಢರಪುರದ ವಿಠ್ಠಲನನ್ನೇ ಜ್ಞಾನೇಶ್ವರರು ಕಾನಡಾ ಎಂದು ಕರೆದಿರುವಾಗ ಬೆರಗು ಬಹಳ ಹೊತ್ತು ನಿಲ್ಲಲಾರದು.

ಈಗಿನ ತಂದೆತಾಯಿಗಳಿಗೆ ಎರಡಕ್ಷರದ ಹೆಸರೇ ಬೇಕು. ತಪ್ಪೇನಿಲ್ಲ, ರಾಮನೂ ಎರಡಕ್ಷರದವನೇ, ಭೀಮನೂ ಎರಡಕ್ಷರದವನೇ. ಆದರೆ ಹೆಸರನ್ನು ಆರಿಸುವ ಮೊದಲು ನಿಘಂಟನ್ನು ತೆರೆದು ನೋಡುವ ವ್ಯವಧಾನವಿರಬೇಕು. ‘ಆರವ್’ ಎಂಬುದು ಈಗ ಮನೆಮನೆಯ ಹೆಸರು. ಶಾಂತಿಯೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಸಂಸ್ಕೃತದಲ್ಲಿ ‘ಆರವ’ವೆಂದರೆ ಶಬ್ದ, ಕೂಗು, ಗದ್ದಲ! ಎರಡು ವರ್ಷದ ಗಂಡುಮಗುವಿಗೆ ಆ ಅರ್ಥವೇ ಚೆನ್ನಾಗಿ ಒಪ್ಪುತ್ತದೆನ್ನಿ. ಅಜ್ಜನ ಹೆಸರೇ ಬೇಕೆಂದು ಹಿರಿಯರು, ಬೇಡವೆಂದು ಕಿರಿಯರು, ಹೀಗೆ ನಾಮಕರಣದ ಮುನ್ನಾದಿನ ಮನಸ್ತಾಪವಾಗುವ ಮನೆಗಳು ನಮ್ಮಲ್ಲಿ ಒಂದೆರಡಲ್ಲ. ತೊಟ್ಟಿಲು ಕಟ್ಟಿದ ಮನೆಯಲ್ಲಿ ಮುದುಕರೊಬ್ಬರು ಮುಖ ತಿರುಗಿಸಿಕೊಂಡು ಕುಳಿತರೆ ಹೋಳಿಗೆ ಯಾರಿಗೆ ರುಚಿಸೀತು? ನಮ್ಮ ಶಾಸ್ತ್ರಕಾರರು ಇದಕ್ಕೆ ಎಂದೋ ದಾರಿ ಮಾಡಿಟ್ಟಿದ್ದಾರೆ. ಅವರು ಹೇಳಿರುವುದು ಒಂದು ಹೆಸರನ್ನಲ್ಲ, ನಾಲ್ಕನ್ನು: ಕುಲದೇವತೆಯ ಹೆಸರು, ಹುಟ್ಟಿದ ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯವಹಾರದ ಹೆಸರು. ಅಕ್ಕಿಯ ಮೇಲೆ ಉಂಗುರದಿಂದ ಬರೆದು ಕಿವಿಯಲ್ಲಿ ಉಸುರುವಾಗ ಮಲ್ಲಪ್ಪನನ್ನೂ ತಿಪ್ಪಣ್ಣನನ್ನೂ ಐತಪ್ಪನನ್ನೂ ಒಳಗೆ ಕರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಶಾಲೆಯ ಹೆಸರು ತಾಯಿತಂದೆಗಳ ಇಚ್ಛೆಯಂತೆ ಆಗಲಿ.

ಕಾನೂನಿನ ಒಂದೆರಡು ಮಾತು ಗೃಹಿಣಿಯರಿಗೆ ಉಪಯೋಗವಾದೀತು. ಮಗು ಹುಟ್ಟಿದ ೨೧ ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. ಆದರೆ ಹೆಸರು ಅಂದೇ ನಿಶ್ಚಯವಾಗಿರಬೇಕೆಂದಿಲ್ಲ. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಆದುದರಿಂದ ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾವುದೋ ಹೆಸರನ್ನು ಬರೆಯಿಸಿ ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುವುದು ಬೇಡ. ಇನ್ನೊಂದು ಸಂಗತಿ: ೨೦೨೪ರ ಮೇ ೧ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದ ಸರಕಾರೀ ಕಾಗದಪತ್ರಗಳಲ್ಲಿ ಮೂರು ಮನೆ ಹೋಗಿ ನಾಲ್ಕು ಮನೆಗಳಾಗಿವೆ. ಮಗುವಿನ ಹೆಸರಾದ ಕೂಡಲೇ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಹೊಸತೆಂದು ಕೆಲವರು ಹುಬ್ಬೇರಿಸಿದರು. ಧಾರವಾಡದ ದತ್ತಾತ್ರೇಯನೊಬ್ಬ ಬಹಳ ಹಿಂದೆಯೇ ತಾಯಿ ಅಂಬಿಕೆಯ ಹೆಸರನ್ನು ಮುಂದಿಟ್ಟುಕೊಂಡು ‘ಅಂಬಿಕಾತನಯದತ್ತ’ನಾಗಿ ಕವಿತೆ ಬರೆದದ್ದು ಕನ್ನಡಿಗರಿಗೆ ಮರೆತಿರಲಾರದು.

ನೌಪಾಡಾ, ಡೊಂಬಿವಲಿ, ಕಲ್ಯಾಣ, ವಾಶಿಗಳ ನಮ್ಮ ವಾಚಕರ ಮನೆಗಳಲ್ಲಿ ಇಲ್ಲಿ ಬಾರದ ಹೆಸರುಗಳು ಇನ್ನೂ ಎಷ್ಟೋ ಇರಬೇಕು. ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು, ಅವು ಬಂದ ಊರು, ದೇವರು, ಕಾರಣಗಳೊಡನೆ ಒಂದು ಕಾಗದದಲ್ಲಿ ಬರೆದು ಸಂಘದ ವಿಳಾಸಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬಹುದು. ಹೆಣ್ಣುಮಕ್ಕಳ ಹೆಸರುಗಳ ವಿಷಯವನ್ನು ಸೋದರಿಯರೇ ಯಾರಾದರೂ ಬರೆದರೆ ಸೊಗಸು. ಗಂಗವ್ವ, ನೀಲವ್ವ, ತುಂಗಾಬಾಯಿಯರ ಕಥೆ ಇದಕ್ಕಿಂತ ದೊಡ್ಡದಿದೆ.